ಏರಿ ಆಂಜನೇಯನ ಪಾದದಲ್ಲಿಟ್ಟ ಪಾಲಿಸಿ ಕಾಗದ

ನಮ್ಮ ಮನೆಯ ಹೆಣ್ಣುಮಗಳು ಡಿಗ್ರಿ ಮುಗಿಸುವುದು ಎಂದಿಗೂ ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ ಪಿಳ್ಳಪ್ಪನವರು. ನಾನು ಪಿ.ಯು.ಸಿ. ಪಾಸಾಗಿ ಕಾಲೇಜಿನ ಅರ್ಜಿ ತಂದ ದಿನ, ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು, ನನಗೆ ಕೇಳಿಸಲಿ ಎಂದೇ ಅಪ್ಪನಿಗೆ ಹೇಳಿದರು:

"ಮುನಿಯಾ, ನಾನ್ ಬೇಕಾರೆ ಬರ್ದ್ ಕೊಡ್ತೀನಿ. ಈ ಅಮ್ಮಿ ಬಿ.ಎ. ಮುಗ್ಸಾಕಿಲ್ಲ. ನಮ್ಮ ವಂಸ್ದಲ್ಲಿ ಎಬ್ಬೆಟ್ಟು ಒತ್ತೋರೇ ಎಲ್ಲಾ."

"ಬರ್ದ್ ಕೊಡಾಕೆ ನಿಂಗ್ ಬರೀಯಾಕ್ ಬರ್ತದಾ ಅಣ್ಣಾ?" ಎಂದು ಅಪ್ಪ ನಕ್ಕರು. ಅರ್ಜಿಯ ಮೇಲೆ ತಮ್ಮ ಹೆಬ್ಬೆಟ್ಟು ಒತ್ತಿದರು.

ಭಕ್ತ ಬಂಧುಗಳೇ, ನಾನು ಯಲಹಂಕದ ಹತ್ತಿರದ ಒಂದು ಹಳ್ಳಿಯವಳು. ಈಗ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ನಮ್ಮ ಕೆರೆಯ ಏರಿಯ ಮೇಲಿರುವ ಆಂಜನೇಯನ ಗುಡಿ ಬಹಳ ಚಿಕ್ಕದು, ಒಳಗೆ ನಾಲ್ಕು ಜನ ನಿಂತರೆ ಐದನೆಯವರು ಹೊರಗೆ. 1979ರಲ್ಲಿ ಆ ಸ್ವಾಮಿ ನಮ್ಮ ಮನೆಯನ್ನು ಹೇಗೆ ಕಾಪಾಡಿದ ಎಂಬುದನ್ನು ಉಳಿದವರಿಗೂ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ, ಅಪ್ಪನ ತಪ್ಪೂ ಇದೆ. ಯಾವುದನ್ನೂ ಮುಚ್ಚಿಡುವುದಿಲ್ಲ.

ಅಪ್ಪ ತಮ್ಮ ಪಾಲಿನ ದ್ರಾಕ್ಷಿ ತೋಟವನ್ನು ದೊಡ್ಡಪ್ಪನಿಗೇ ಬಿಟ್ಟುಕೊಟ್ಟು ಒಂದು ಆಟೋ ಕೊಂಡಿದ್ದರು. ಯಲಹಂಕದಿಂದ ಹೆಬ್ಬಾಳಕ್ಕೆ, ಯಶವಂತಪುರದ ಸ್ಟೇಷನ್ನಿಗೆ ಬಾಡಿಗೆ. ಆಟೋ ಕೊಂಡಾಗ ಏಜೆಂಟರೊಬ್ಬರು ಎರಡು ಇನ್ಶೂರೆನ್ಸ್ ಮಾಡಿಸಿದರು. ಒಂದು ಆಟೋದ ಹೆಸರಿಗೆ. ಇನ್ನೊಂದು ಅಪ್ಪನ ಮೈಗೆ: ಅಪಘಾತವಾಗಿ ಮಲಗಿದರೆ ದುಡಿಯಲಾಗದ ಅಷ್ಟೂ ವಾರ ಮನೆಗೆ ಇಷ್ಟು ಎಂದು ಕೊಡುವಂಥದ್ದು. ಅದನ್ನು ಕೇಳಿ ದೊಡ್ಡಪ್ಪ ಊರೆಲ್ಲ ಹೇಳಿಕೊಂಡು ಬಂದರು, "ನಮ್ ಮುನಿಯ ಬದುಕಿರ್ಬೇಕಾದ್ರೇ ತಿಥಿಗೆ ದುಡ್ ಕಟ್ಟವ್ನೆ."

ನಮ್ಮ ಮನೆಯಲ್ಲಿ ಮೊಹರು ಬಿದ್ದ ಯಾವ ಕಾಗದ ಬಂದರೂ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಡುವುದು ವಾಡಿಕೆ. ಪೂಜೆ ಮಾಡುತ್ತಿದ್ದೆವು, ಓದುತ್ತಿರಲಿಲ್ಲ. ಓದಬಲ್ಲವಳು ಮನೆಗೆ ನಾನೊಬ್ಬಳೇ, ನಾನೂ ಓದಲಿಲ್ಲ.

ಆ ವರ್ಷ ಭಾದ್ರಪದದಲ್ಲಿ ಎರಡು ಪಾಲಿಸಿಗಳನ್ನೂ ಮುಂದುವರಿಸಿ ಎಂಬ ನೋಟೀಸು ಟಪಾಲಿನಲ್ಲಿ ಬಂತು. ನಾನು ಆಗ ಕೊನೆಯ ವರ್ಷದ ಬಿ.ಎ. ಮಾರನೆಯ ದಿನ ಇತಿಹಾಸದ ಟೆಸ್ಟು ಇತ್ತು. "ಎಷ್ಟ್ ಕಟ್ಬೇಕಂತೆ ನೋಡು ಮಗಾ," ಎಂದರು ಅಪ್ಪ. ಮೊತ್ತ ಓದಿ ಹೇಳಿ, ಕಾಗದ ಅವರ ಕೈಗಿಟ್ಟು, ಪುಸ್ತಕಕ್ಕೆ ಹಿಂದಿರುಗಿದೆ. ತಾರೀಖಿನ ಸಾಲನ್ನು ಓದಲಿಲ್ಲ.

ಅದು ಪಿತೃಪಕ್ಷ. ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಹೊಸ ಪೊರಕೆಯನ್ನೂ ತರುವುದಿಲ್ಲ. ಅಪ್ಪ ದುಡ್ಡನ್ನೂ ನೋಟೀಸನ್ನೂ ಅದು ಬಂದ ಕವರಿಗೇ ಹಾಕಿ, ಏರಿ ಆಂಜನೇಯನ ಅರ್ಚಕರಾದ, ವಯಸ್ಸಾಗಿ ಕಣ್ಣು ಮಂಜಾಗಿದ್ದ ಶಾಮಣ್ಣನವರ ಕೈಗೆ ಕೊಟ್ಟು ಬಂದರು. "ಸ್ವಾಮಿ ಪಾದ್ದಲ್ಲಿ ಮಡಗಿರಿ ಬುದ್ಧಿ. ವಿಜಯದಶಮಿ ದಿನ ತಕ್ಕೊಂಡ್ ಓಗಿ ಕಟ್ತೀನಿ." ಮನೆಯಲ್ಲಿದ್ದರೆ ದುಡ್ಡು ಖರ್ಚಾದೀತು ಎಂಬ ಭಯವೂ ಇತ್ತು ಅವರಿಗೆ.

ಇನ್ನು ಅಪ್ಪನ ತಪ್ಪು. ಅವರಿಗೆ ಒಂದು ಅಭ್ಯಾಸ. ದಾರಿಯಲ್ಲಿ ಯಾವ ಗುಡಿ ಬಂದರೂ, ಅರಳಿಕಟ್ಟೆಯ ನಾಗರಕಲ್ಲು ಬಂದರೂ, ಆಟೋ ಓಡುತ್ತಿರುವಾಗಲೇ ಬಲಗೈ ಬಿಟ್ಟು ಎದೆ ಮುಟ್ಟಿ, ಕಣ್ಣಿಗೊತ್ತಿಕೊಳ್ಳುವುದು. ಏರಿ ಆಂಜನೇಯನಿಗೆ ಮಾತ್ರ ವಿಶೇಷ ಮರ್ಯಾದೆ. ಕತ್ತು ಪೂರ್ತಿ ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಕೈ ಹಣೆಗೆ ಹೋಗುತ್ತಿತ್ತು. ಅಮ್ಮ ಎಷ್ಟೋ ಸಲ ಹೇಳಿದ್ದರು, "ನಿಂತ್ಕಂಡ್ ಕೈ ಮುಗೀಬಾರ್ದಾ?" ಅಪ್ಪ ಕೇಳುತ್ತಿರಲಿಲ್ಲ. "ಅವ್ನೇ ನೋಡ್ಕತಾನೆ ಬಿಡು."

ಮಹಾಲಯ ಅಮಾವಾಸ್ಯೆ, ಶುಕ್ರವಾರ ಬೆಳಿಗ್ಗೆ. ಎಡೆಗೆ ಬಾಳೆ ಎಲೆ ತರಲು ಅಪ್ಪ ಒಬ್ಬರೇ ಆಟೋ ತೆಗೆದುಕೊಂಡು ಹೋದರು. ಏರಿಯ ತಿರುವಿನಲ್ಲಿ ಟೈರು ಬಿಚ್ಚಿಕೊಂಡು ಒಂದು ಲಾರಿ ನಿಂತಿತ್ತು. ಅಪ್ಪ ಆಂಜನೇಯನ ಕಡೆ ತಿರುಗಿ, ಕೈ ಹಣೆಗೆ ಒತ್ತಿ, ಕಣ್ಣು ತೆರೆಯುವುದಕ್ಕೂ ಆಟೋ ಲಾರಿಯ ಹಿಂಭಾಗಕ್ಕೆ ನುಗ್ಗುವುದಕ್ಕೂ ಸರಿಹೋಯಿತು. ಹೊಲದಲ್ಲಿದ್ದವರು ಓಡಿ ಬಂದು ಎಳೆದು ತೆಗೆದರು. ಆಟೋದ ಮುಂಭಾಗ ಕಾಗದ ಮುದುರಿದಂತೆ ಆಗಿತ್ತು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು, ಮುಂಗೈ ಒಂದು ಕಡೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಮೂರು ತಿಂಗಳು ಎದ್ದು ನಿಲ್ಲುವ ಹಾಗಿಲ್ಲ, ಆಮೇಲೂ ಹೇಗೋ ನೋಡಬೇಕು ಎಂದರು ಡಾಕ್ಟರು. ಅಮ್ಮ ಮನೆಯ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ತಂದಿದ್ದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು, ಜೀವನದಲ್ಲಿ ಮೊದಲ ಸಲ, ಅಪ್ಪನ ಪಾಲಿಸಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕುಂಕುಮ ಉದುರಿಸಿ ಉದುರಿಸಿ ಓದಬೇಕಾಯಿತು. ಆಟೋ ಜಖಂ ಆದರೆ ರಿಪೇರಿ ಖರ್ಚು, ಇದೆ. ಅಪ್ಪ ಮಲಗಿದರೆ ವಾರಕ್ಕಿಷ್ಟು, ಇದೆ. ನನ್ನ ಎದೆ ಹಗುರವಾಗುತ್ತಾ ಬಂತು. ಕೊನೆಗೆ ಆ ಸಾಲು. ಎರಡೂ ಪಾಲಿಸಿಗಳ ಅವಧಿ ಮಂಗಳವಾರಕ್ಕೇ ಮುಗಿದಿತ್ತು. ಅಪಘಾತ ಆದದ್ದು ಶುಕ್ರವಾರ.

ಬಿ.ಎ. ಓದುವವಳು, ಮೊಘಲರ ಯುದ್ಧಗಳ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದವಳು, ಅಪ್ಪನ ಕಾಗದದ ತಾರೀಖು ಒಂದನ್ನು ಓದಿರಲಿಲ್ಲ. ಆ ಬೆಂಚಿನ ಮೇಲೆ ನನಗೆ ಅಳುವುದಕ್ಕೂ ಮುಖವಿರಲಿಲ್ಲ.

ಸಂಜೆ ದೊಡ್ಡಪ್ಪ ಬಂದರು. ತಮ್ಮನ ಕಾಲು ನೋಡಿ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಹೊರಗೆ ಬಂದು ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದರು:

"ನೋಡಮ್ಮಿ, ನಿಂಗೆ ಬೇಜಾರಾಗ್ಬೋದು. ದಾಸರಹಳ್ಳಿ ತಾವ ಒಂದ್ ಫ್ಯಾಕ್ಟ್ರೀಲಿ ಪ್ಯಾಕಿಂಗ್ ಕೆಲ್ಸ ಐತೆ. ನಮ್ ತೋಟಕ್ ಬರೋ ಮೇಸ್ತ್ರಿ ಏಳವ್ನೆ. ಸೋಮವಾರ ಬಾ ಅಂದವ್ರೆ. ಮನೆ ನಡೀಬೇಕಲ್ಲ."

"ಪರೀಕ್ಷೆ ಇನ್ನು ಏಳು ತಿಂಗಳಿದೆ ದೊಡ್ಡಪ್ಪಾ."

"ಏಳ್ ತಿಂಗ್ಳು ಒಟ್ಟೆ ಸುಮ್ಕಿರ್ತದಾ?"

ಹೂಂ ಎಂದೆ. ಆ ಹೂಂ ಹೇಳಿದಾಗ ನನ್ನ ಡಿಗ್ರಿ ಅಲ್ಲಿಗೆ ಮುಗಿಯಿತು ಎಂದೇ ತಿಳಿದೆ. ಮನಸ್ಸಿನಲ್ಲಿ ಆಂಜನೇಯನಿಗೆ ಹೇಳಿಕೊಂಡೆ: ತಂದೇ, ಓದದೆ ಬಿಟ್ಟವಳು ನಾನು. ನನ್ನ ಓದು ಹೋದರೆ ಹೋಗಲಿ. ಅಪ್ಪ ಮತ್ತೆ ಎದ್ದು ಆಟೋ ಹಿಡಿಯುವಂತೆ ಮಾಡು.

ಮಾರನೆಯ ದಿನ ಶನಿವಾರ. ಅಮ್ಮ ನೆನಪಿಸಿದರು, "ಗುಡೀಲಿ ಆ ದುಡ್ಡಾದ್ರೂ ಐತಲ್ಲ, ಇಸ್ಕೊಂಡ್ ಬಾ. ಔಷಧಿಗಾಯ್ತದೆ." ನಾನು ಮೊದಲ ಬಸ್ಸಿಗೆ ಹೊರಟು, ಹೆಬ್ಬಾಳದಲ್ಲಿ ಇನ್ನೊಂದು ಬಸ್ಸು ಹಿಡಿದು, ಏರಿಯ ಬಳಿ ಇಳಿದೆ. ಅಪ್ಪನ ಆಟೋದ ಗಾಜಿನ ಚೂರುಗಳು ಇನ್ನೂ ರಸ್ತೆಯ ಮೇಲಿದ್ದವು.

ಶಾಮಣ್ಣನವರು ಸ್ವಾಮಿಗೆ ವೀಳ್ಯದೆಲೆಯ ಹಾರ ಹಾಕುತ್ತಿದ್ದರು. ಅವರಿಗೆ ವಿಷಯ ಗೊತ್ತಾಗಿತ್ತು.

"ನಿಮ್ಮಪ್ಪ ಹ್ಯಾಗಿದಾನೆ ಮಗು?"

ಹೇಳಿದೆ. ಕವರು ಕೇಳಿದೆ.

"ಆ ದುಡ್ಡು ಇಲ್ಲಮ್ಮ," ಎಂದರು.

ನಾನು ಹೊಸ್ತಿಲ ಮೇಲೇ ಕುಳಿತೆ. ದೇವರ ಪಾದದಲ್ಲಿಟ್ಟದ್ದೂ ಹೋಯಿತು ಎಂದುಕೊಂಡೆ. ಶಾಮಣ್ಣನವರು ಗಾಬರಿಯಾಗಿ, "ಅಯ್ಯೋ, ಪೂರ್ತಿ ಕೇಳು, ನಾನ್ ಹೇಳಿದ್ದು ಸರಿಯಾಗ್ಲಿಲ್ಲ," ಎಂದು ಗರ್ಭಗುಡಿಯೊಳಗೆ ಹೋದರು. ಸ್ವಾಮಿಯ ಪಾದದ ಬಳಿಯಿಂದ ತುಳಸಿ ಸರಿಸಿ ಅದೇ ಕವರು ತಂದು ಕೊಟ್ಟರು. ಒಳಗೆ ದುಡ್ಡು ಇರಲಿಲ್ಲ. ಎರಡು ರಸೀದಿಗಳಿದ್ದವು. ಎರಡರ ಮೇಲೂ ಮೊಹರು. ಈ ಸಲ ನಾನು ಬೇರೇನೂ ನೋಡಲಿಲ್ಲ, ಮೊದಲು ತಾರೀಖು ನೋಡಿದೆ. ಸೋಮವಾರದ್ದು. ಅವಧಿ ಮುಗಿಯುವ ಹಿಂದಿನ ದಿನದ್ದು.

ನಡೆದದ್ದು ಇಷ್ಟು. ಆರ್.ಟಿ. ನಗರದಲ್ಲಿ ಮನೆ ಮಾಡಿದ್ದ, ಧಾರವಾಡ ಕಡೆಯ ಗುಮಾಸ್ತರೊಬ್ಬರು ಪ್ರತಿ ಶನಿವಾರ ಈ ಗುಡಿಗೆ ಬರುತ್ತಿದ್ದರು. ಅವರ ಕೆಲಸ ಇನ್ಶೂರೆನ್ಸ್ ಆಫೀಸಿನಲ್ಲೇ. ಹಿಂದಿನ ಶನಿವಾರ ಪ್ರದಕ್ಷಿಣೆ ಮುಗಿಸಿ ನಿಂತಾಗ ಸ್ವಾಮಿಯ ಪಾದದಲ್ಲಿ ತಮ್ಮ ಆಫೀಸಿನ ಕವರು ಕಂಡು ನಕ್ಕು, ಏನದು ಎಂದು ಕೇಳಿದ್ದಾರೆ. ತೆಗೆದು ಓದಿ, "ಸ್ವಾಮೇರ, ಇದು ಮಂಗಳವಾರಕ್ಕ ಮುಗೀತದರೀ. ದಸರಾ ತನಕಾ ಕುಂತ್ರ ಏನೂ ಸಿಗೂದಿಲ್ರೀ," ಎಂದಿದ್ದಾರೆ.

"ನಿಮ್ಮಪ್ಪನಿಗೆ ಹೇಳಿದ್ರೆ ಪಿತೃಪಕ್ಷ ಅಂತ ಒಪ್ತಿರ್ಲಿಲ್ಲ," ಎಂದರು ಶಾಮಣ್ಣನವರು. "ನಾನೂ ಮೂರು ಪ್ರದಕ್ಷಿಣೆ ಹಾಕಿ ಯೋಚ್ನೆ ಮಾಡ್ದೆ. ಸ್ವಾಮಿ ಪಾದದಲ್ಲಿಟ್ಟ ಕಾಗದ ಅಲ್ಲೇ ಅವಧಿ ತೀರಿಹೋದ್ರೆ ಅಪವಾದ ಯಾರಿಗೆ? ಅವರ ಕೈಗೇ ಕೊಟ್ಟು ಕಟ್ಟಿ ಬನ್ನಿ ಅಂದೆ. ಸೋಮವಾರ ಕಟ್ಟಿ, ಸಂಜೆ ಅವರೇ ಬಂದು ರಸೀದಿ ಕೊಟ್ಟು ಹೋದ್ರು. ವಿಜಯದಶಮಿ ದಿನ ಹೂವಿನ ಜೊತೆ ಕೊಡೋಣ ಅಂತ ಸುಮ್ನಿದ್ದೆ."

ನಾನು ಆಗ ಅತ್ತೆ. ಸ್ವಾಮಿಯ ಮುಂದೆ ನಿಂತು ಎಷ್ಟು ಹೊತ್ತು ಅತ್ತೆನೋ ತಿಳಿಯದು. ಅಂದೂ ಶನಿವಾರ, ಆ ಗುಮಾಸ್ತರು ಗುಡಿಗೆ ಬರುವ ದಿನ. ಅಷ್ಟರಲ್ಲಿ ಅವರೂ ಬಂದರು. ವಿಷಯ ಕೇಳಿ ಕೈಯಲ್ಲಿದ್ದ ಹೂವನ್ನು ಶಾಮಣ್ಣನವರ ತಟ್ಟೆಗೆ ಹಾಕಿದರು. ಆಮೇಲೆ ಹೇಳಿದರು, "ತಂಗೀ, ಅಳೂದು ಆಮ್ಯಾಲ. ಇವತ್ತ ಅರ್ಧ ದಿನ ಆಫೀಸ್ ಐತಿ. ಮೊದಲ ಬರದ ಕೊಡು, ಹಿಂಗ ಹಿಂಗ ಆತು ಅಂತ. ತಡಾ ಮಾಡಬ್ಯಾಡ."

ಬರೆದು ಕೊಟ್ಟೆ. ಆಫೀಸಿನಲ್ಲಿ ಕೊಟ್ಟ ಫಾರಂ ತುಂಬುವಾಗ ಒಂದು ಕಡೆ ಕೈ ನಿಂತಿತು. ಅಪಘಾತ ಹೇಗಾಯಿತು ಎಂದು ಕೇಳಿತ್ತು. ಫಾರಮನ್ನು ಆಸ್ಪತ್ರೆಗೆ ತಂದು ಅಪ್ಪನನ್ನೇ ಕೇಳಿದೆ. ದೊಡ್ಡಪ್ಪ ಪಕ್ಕದಲ್ಲಿದ್ದರು.

"ನಾಯಿ ಅಡ್ಡ ಬಂತು ಅಂತ ಬರ್ಕೊ," ಎಂದರು ದೊಡ್ಡಪ್ಪ. "ಕೈ ಬಿಟ್ಟಿದ್ದ ಅಂದ್ರೆ ಕೊಟ್ಟಾರಾ?"

ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಬ್ಯಾಡ. ಅವ್ನ್ ಪಾದ್ದಲ್ಲಿದ್ದ ಕಾಗ್ದ ಅದು. ನಿಜ ಬರಿ."

ಗುಮಾಸ್ತರು ಅದನ್ನು ಓದಿ ತಲೆ ಕೆರೆದುಕೊಂಡರು. "ಓಡೂ ಗಾಡಿಯೊಳಗ ನಮಸ್ಕಾರ ಮಾಡಿದ್ದನ್ನ ಇಂಗ್ಲೀಷಿನಾಗ ಹೆಂಗ ಬರೀಲಿ ನಾ?" ಹೇಗೋ ಬರೆದರು. ಆಟೋದ ಜಖಂ ನೋಡಲು ಇನ್ಶೂರೆನ್ಸಿನವರ ಕಡೆಯಿಂದ ಬಂದ ಸಾಹೇಬರು ಎರಡು ಸಲ ಓದಿ, ತಮ್ಮ ಸ್ಕೂಟರಿನ ಕಡೆ ನೋಡಿದರು. "ನಾನೂ ದಿನಾ ಮಾಡ್ತೀನಿ ಕಣಮ್ಮ," ಎಂದರು. "ಇವತ್ತಿಂದ ಬಿಟ್ಟೆ."

ನಿಜ ಬರೆದದ್ದಕ್ಕೆ ಏನೂ ಅಡ್ಡಿಯಾಗಲಿಲ್ಲ. ಎರಡು ಮೂರು ಸಲ ಆಫೀಸಿಗೆ ಅಲೆದದ್ದು ಉಂಟು, ಡಾಕ್ಟರ ಸಹಿಗೆ ಕಾದದ್ದು ಉಂಟು. ಆದರೆ ಆಟೋ ರಿಪೇರಿಯಾಯಿತು. ಅಪ್ಪ ಮಲಗಿದ್ದ ವಾರಗಳಿಗೆ ಬರಬೇಕಾದದ್ದು ಬಂತು. ಅದು ಬರುವವರೆಗೆ ದೊಡ್ಡಪ್ಪನೇ ಅಕ್ಕಿ ರಾಗಿ ತಂದು ಹಾಕಿದರು. ಸೋಮವಾರ ನಾನು ದಾಸರಹಳ್ಳಿಗೆ ಹೋಗಲಿಲ್ಲ, ಕಾಲೇಜಿಗೆ ಹೋದೆ. ಸಂಕ್ರಾಂತಿ ಕಳೆದ ಮೇಲೆ ಅಪ್ಪ ಕೋಲು ಹಿಡಿದು ಎದ್ದು ನಿಂತರು. ನಾನು ಪರೀಕ್ಷೆ ಬರೆಯಲು ಹೋದದ್ದು ಅವರ ಆಟೋದಲ್ಲೇ.

ಅಪ್ಪ ಕೋಲು ಊರಿಕೊಂಡು ಮೊದಲ ಸಲ ಗುಡಿಗೆ ಬಂದ ದಿನ ಶಾಮಣ್ಣನವರು ತೀರ್ಥ ಕೊಡುತ್ತಾ ಕೇಳಿದರು, "ಮುನಿಯಪ್ಪಾ, ಹ್ಯಾಂಡಲ್ ಬಿಟ್ಟು ಕೈ ಮುಗಿ ಅಂತ ಸ್ವಾಮಿ ನಿನ್ನ ಯಾವತ್ತಾದ್ರೂ ಕೇಳಿದ್ನೇನಯ್ಯಾ?" ಅಪ್ಪ ಇಲ್ಲ ಎಂದು ತಲೆಯಾಡಿಸಿದರು. ಅಂದಿನಿಂದ ಏರಿಯ ಹತ್ತಿರ ಬಂದರೆ ಆಟೋ ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ, ಇಳಿದು, ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ. ಉಳಿದ ಗುಡಿಗಳಿಗೆ ಮನಸ್ಸಿನಲ್ಲೇ. ಪ್ರಯಾಣಿಕರು ಗೊಣಗಿದರೆ, "ಒಂದ್ ನಿಮಿಸ ಸ್ವಾಮಿ, ಕಾಲ್ ಮುರ್ಕೊಂಡ್ ಕಲ್ತಿರೋದು," ಎನ್ನುತ್ತಾರೆ.

ಬಂಧುಗಳೇ, ನಿಮ್ಮ ದೇವರ ಗೂಡಿನಲ್ಲಿ ಇಂಥ ಕಾಗದವಿದ್ದರೆ ಇವತ್ತೇ ತೆಗೆದು ಓದಿ. ಯಾರಿಗೆ, ಯಾವುದಕ್ಕೆ, ಎಲ್ಲಿಯವರೆಗೆ ಎಂದು ನೋಡಿ. ಓದಲು ಬರದಿದ್ದರೆ ಬರುವವರ ಹತ್ತಿರ ಪೂರ್ತಿ ಓದಿಸಿ, ಮೊತ್ತವೊಂದನ್ನೇ ಅಲ್ಲ. ಆಮೇಲೆ ಅರಿಶಿನ ಕುಂಕುಮ ಹಚ್ಚಿ. ನಮ್ಮ ಮನೆಯಲ್ಲಿ ಈಗಲೂ ಹಚ್ಚುತ್ತೇವೆ, ತಾರೀಖು ಬಿಟ್ಟು. ನನ್ನ ಪಾಲಿಗೆ ಆಂಜನೇಯ ಆಕಾಶದಿಂದ ಇಳಿದು ಬರಲಿಲ್ಲ. ಕಣ್ಣು ಮಂಜಾದ ಅರ್ಚಕರ ವಿವೇಕದಲ್ಲಿ ಬಂದ, ಶನಿವಾರ ತಪ್ಪಿಸದ ಗುಮಾಸ್ತರ ಕಾಲಿನಲ್ಲಿ ಬಂದ. ಅವನನ್ನು ನಂಬಿ ಕೆಟ್ಟೆ ಎನ್ನುವ ಹಾಗೆ ಅವನು ಬಿಡಲಿಲ್ಲ.

ಮರುವರ್ಷ ನನ್ನ ಡಿಗ್ರಿ ಸರ್ಟಿಫಿಕೇಟು ಬಂತು. ಕಾಲೇಜಿನಿಂದ ನೇರ ಗುಡಿಗೆ ಹೋದೆ. ಅಪ್ಪ, ಅಮ್ಮ, ದೊಡ್ಡಪ್ಪ ಕಾಯುತ್ತಿದ್ದರು. ಶಾಮಣ್ಣನವರು ಅದನ್ನು ಸ್ವಾಮಿಯ ಪಾದಕ್ಕೆ ಮುಟ್ಟಿಸಿ, ಅಪ್ಪನ ಕೈಗೆ ಕೊಟ್ಟರು. ಅಪ್ಪ ಕೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು ತೆಗೆದುಕೊಂಡರು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಟ್ಟು ನೋಡಿದರು. ಆಮೇಲೆ ಅಣ್ಣನ ಕೈಗೆ ಕೊಟ್ಟರು.

ದೊಡ್ಡಪ್ಪ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಹಿಂದೆ ತಿರುಗಿಸಿಯೂ ನೋಡಿದರು. "ಎಲ್ಲಾ ಸರಿ ಮುನಿಯಾ," ಎಂದರು. "ತಾರೀಕು ನೋಡ್ದಾ? ಯಾವತ್ತಿಗ್ ಮುಗೀತದಂತೆ ಇದು?"

"ಇದಕ್ಕೆ ತಾರೀಕಿಲ್ಲ ಕಣಣ್ಣಾ," ಎಂದರು ಅಪ್ಪ. "ಒಂದ್ ಸಾರಿ ಕಟ್ಟಿದ್ರೆ ಆಯ್ತು. ಅವಳಿರೋಗಂಟ."