ಡಾಂಬರಿಗೆ ಅಂಟಿದ ಕರಿ ಹುರುಳಿ

ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಹೋಗುವ ಬಸ್ಸು ನಮ್ಮೂರ ಹತ್ತಿರ ಕುಲುಕಾಡಲು ಶುರುಮಾಡಿದರೆ ಕಂಡಕ್ಟರು ಒಂದು ಕಥೆ ಹೇಳುತ್ತಾರೆ. ಯಾರೋ ಒಬ್ಬರಲ್ಲ, ಆ ದಾರಿಯ ಎಲ್ಲ ಕಂಡಕ್ಟರೂ.

'ಈ ಊರಾಗ ಗುತ್ತೇದಾರಗ ಜಲ್ಲಿ ಸಾಲಲಿಲ್ರಿ. ಹುರುಳಿ ಕಲಸಿ ಡಾಂಬರು ಹಾಕ್ಯಾನ. ಮಳಿ ಬಂತು, ರಸ್ತಿ ಮೊಳಕಿ ಒಡದೈತಿ.'

ಬಸ್ಸೆಲ್ಲ ನಗುತ್ತದೆ. ಒಮ್ಮೆ ನಾನೂ ನಕ್ಕಿದ್ದೇನೆ. ಟಿಕೆಟ್ಟಿನ ಚಿಲ್ಲರೆ ವಾಪಸು ಬರಬೇಕಿತ್ತು.

ಆದರೆ ಆ ಕಥೆಯನ್ನು ಸ್ವಲ್ಪ ತಿರುವಿ ನೋಡಿ. ಜಲ್ಲಿಗಿಂತ ಹುರುಳಿ ತುಟ್ಟಿ. ಉಳಿಸಬೇಕೆಂದು ಹೊರಟವನು ಅಗ್ಗದ ಕಲ್ಲು ಬಿಟ್ಟು ತುಟ್ಟಿಯ ಕಾಳು ಯಾಕೆ ಸುರಿಯುತ್ತಾನೆ? ಕಾಲೇಜಿನ ಚರ್ಚಾಕೂಟ ನನಗೆ ಕಲಿಸಿದ್ದು ಇದೊಂದೇ: ಮಾತು ಕೇಳಲು ಎಷ್ಟು ಚೆಂದವೋ ಅಷ್ಟು ಜೋರಾಗಿ ಅದರ ಬುಡ ಅಲ್ಲಾಡಿಸಬೇಕು. ಗುತ್ತೇದಾರನ ಮೇಲೆ ನನಗೇನೂ ಪ್ರೀತಿಯಿಲ್ಲ. ಬೇರೆ ಪಾಪಗಳನ್ನು ಅವನ ತಲೆಗೆ ಕಟ್ಟಿ, ನನ್ನ ತಕರಾರಿಲ್ಲ. ಹುರುಳಿ ಮಾತ್ರ ಅವನದಲ್ಲ. ಅದು ನಮ್ಮ ಅವ್ವನದು.

ಮೊದಲು ರಸ್ತೆಯ ವಿಷಯ ಹೇಳಬೇಕು. ನಮ್ಮ ಮನೆಯ ಮುಂದೆ ಅದು ಎರೆ ಭೂಮಿಯ ಮೇಲೆ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಆ ಕಪ್ಪು ಮಣ್ಣು ಮೊಣಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಂದರೆ ನೀರು ಕುಡಿದು ಉಬ್ಬುತ್ತದೆ. ಮೇಲಿನ ಡಾಂಬರು ಹಂಚಿನ ಮೇಲಿನ ರೊಟ್ಟಿಯ ಹಾಗೆ ಅಲ್ಲಲ್ಲಿ ಎದ್ದು, ಆಮೇಲೆ ಪಟಪಟ ಒಡೆಯುತ್ತದೆ. ಕೂಡ್ಲಿಗಿ ಕಡೆಯ ಕೆಂಪು ಮಸಾರಿ ನೆಲದಲ್ಲಿ ರಸ್ತೆಗಳು ಇಷ್ಟು ರಗಳೆ ಮಾಡುವುದಿಲ್ಲ. ಹಾಗಾಗಿ ಮೈಲಾರದ ಜಾತ್ರೆಗೆ ಹೋಗುವ ಜನ ಹೆಚ್ಚುವ ಮೊದಲು, ಸಂಕ್ರಾಂತಿಯ ಆಸುಪಾಸಿನಲ್ಲಿ, ನಮ್ಮೂರಿಗೆ ತೇಪೆ ಹಾಕುವವರು ಬಂದೇ ಬರುತ್ತಾರೆ.

ನಾವು ಹುರುಳಿ ಕಿತ್ತು ಒಣಗಿಸುವುದೂ ಅದೇ ಹೊತ್ತಿಗೆ. ಹುರುಳಿ ಹೊಲ ಊರಾಚೆಯ ಮಸಾರಿಯಲ್ಲಿದೆ, ಮನೆ ಮಾತ್ರ ಎರೆಯಲ್ಲಿ. ಎರೆಯಲ್ಲಿ ಕಣ ಮಾಡಿದರೆ ಕಾಳೆಲ್ಲ ಬಿರುಕಿನ ಪಾಲು. ಹೊಸ ತೇಪೆಯಂಥ ಕಣ ಇನ್ನೆಲ್ಲಿ ಸಿಕ್ಕೀತು? ಬಳ್ಳಿ ಹರವಿದರೆ ಸಾಕು, ಬಸ್ಸು ಲಾರಿಗಳೇ ತುಳಿದು ಕೊಡುತ್ತವೆ. ಮೊದಲು ಕಲ್ಲಿಟ್ಟವರದು ಆ ಜಾಗ. ಇದು ಯಾವ ಕಾನೂನಿನಲ್ಲೂ ಇಲ್ಲ, ಊರಲ್ಲಿದೆ.

ಅವ್ವನ ಹುರುಳಿ ಡಾಂಬರು ಸೇರಿದ ವರ್ಷ ಕೊಟ್ಟೂರಿನ ಸ್ಪರ್ಧೆಯೊಂದರಲ್ಲಿ ನಾನು 'ರಸ್ತೆಯ ಮೇಲಿನ ಒಕ್ಕಣೆಯನ್ನು ನಿಷೇಧಿಸಬೇಕು' ಎಂಬ ವಿಷಯದ ಪರವಾಗಿ ಮಾತಾಡಿ ಬಹುಮಾನದ ಕಪ್ಪು ತಂದಿದ್ದೆ. ಬೈಕು ಜಾರುತ್ತದೆ, ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ರಸ್ತೆ ಇರುವುದು ಹೋಗುವವರಿಗೆ. ಇವತ್ತಿಗೂ ಆ ವಾದದ ಒಂದು ಸಾಲನ್ನೂ ನಾನು ಹಿಂತೆಗೆದುಕೊಂಡಿಲ್ಲ. ಮನೆಗೆ ಬಂದು ಅವ್ವನ ಮುಂದೆ ಅಷ್ಟನ್ನೂ ಒಪ್ಪಿಸಿದೆ. ಅವಳು ಪೂರ್ತಿ ಕೇಳಿ, ಕಪ್ಪನ್ನು ಕೈಗೆ ತೆಗೆದುಕೊಂಡು, ಅದರೊಳಗೆ ಇಣುಕಿದಳು.

'ಚಲೋ ಐತಿ. ಇದರಾಗ ಎಷ್ಟು ಹುರುಳಿ ಒಕ್ಕಬೋದು?'

ಕಪ್ಪು ಇಸಿದುಕೊಂಡು ಒಳಗಿಟ್ಟೆ.

ಹುರುಳಿ ಒಕ್ಕಲು ಅವಳು ಅವಸರಪಡುವುದಕ್ಕೆ ಕಾರಣವಿತ್ತು. ಅದು ಪೇಟೆಯ ಬೀಜದ ಹುರುಳಿಯಲ್ಲ. ಮದುವೆಯಾಗಿ ಬರುವಾಗ ನೀಲಗುಂದದ ಕಡೆಯ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಕರಿ ಹುರುಳಿ. ವರ್ಷ ವರ್ಷ ಬಿತ್ತಿ, ಬಂದದ್ದಕ್ಕೆ ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು, ಮತ್ತೆ ಬಿತ್ತಿ ಉಳಿಸಿಕೊಂಡಿದ್ದಳು. ತವರಿನಲ್ಲೂ ಈಗ ಆ ಬೀಜ ಉಳಿದಿರಲಿಲ್ಲ. ಆ ಸಲ ಮೊದಲ ಬಿತ್ತನೆ ಹುಟ್ಟದೆ ಎರಡನೆಯ ಸಲ ಬಿತ್ತಬೇಕಾಗಿ, ಗಡಿಗೆಯ ತಳ ಕಂಡಿತ್ತು. ಹೊಲದಿಂದ ಬಂದದ್ದು ಒಂದು ಬಂಡಿಯೂ ತುಂಬಲಿಲ್ಲ. ಇದ್ದದ್ದೆಲ್ಲ ಅಷ್ಟೇ. ಅಷ್ಟರಲ್ಲಿ ಮೋಡ ಕವಿಯಿತು.

ತೇಪೆ ಚೆಂದವಾಗಿ ಬಿದ್ದದ್ದು ನಮ್ಮ ಮನೆಗೂ ಎದುರುಮನೆ ಅತ್ತಿಯ ಮನೆಗೂ ನಡುವೆ. ಅತ್ತಿ ಸಂಬಂಧಿಕಳಲ್ಲ, ಅವ್ವನ ಗೆಳತಿ. ಕರೆದು ಕರೆದು ಅತ್ತಿಯಾದವಳು. ಅವಳ ಹುರುಳಿಯೂ ಒಣಗಿ ಕೂತಿತ್ತು. ಡಾಂಬರು ಕಾಯಿಸುವವರಿಗೆ ಮಜ್ಜಿಗೆ ತರಲು ಅತ್ತಿ ಒಳಗೆ ಹೋದದ್ದೇ ತಡ, ಅವ್ವ ಹೊಗೆಯಾಡುವ ತೇಪೆಯ ಅಂಚಿಗೆ ಕಲ್ಲಿಟ್ಟುಬಿಟ್ಟಳು.

ರೋಲರಿನ ಚಾಲಕ ಹರಪನಹಳ್ಳಿಯವನು. ಮೇಲಿನಿಂದಲೇ ಕೂಗಿದ: 'ಅಕ್ಕಾರೆ, ಇವತ್ತು ಬ್ಯಾಡ್ರಿ. ಡಾಂಬರು ಇನ್ನಾ ಮೆತ್ತಗೈತೆ. ನಾಳೆ ಮಧ್ಯಾಹ್ನ ಹಾಸ್ಕಳ್ರಿ.'

'ನಾಳಿ ತನಕ ತಡಿ ಅಂತ ಆ ಮೋಡಕ್ಕ ಹೇಳ್ತಿಯೇನಪ್ಪಾ?' ಎಂದಳು ಅವ್ವ.

ಅತ್ತಿ ಮಜ್ಜಿಗೆ ತಂಬಿಗೆ ಹಿಡಿದು ಹೊರಗೆ ಬಂದಳು. ಕಲ್ಲು ನೋಡಿದಳು.

'ನನ್ನ ಬಾಗಲ ಮುಂದ ನಿನ್ನ ಕಲ್ಲೇನ?'

'ಈ ರಸ್ತಿ ನಿನ್ನ ಬಾಗಲಿಗೆ ಎಷ್ಟು ದೂರ ಐತೋ ನನ್ನ ಬಾಗಲಿಗೂ ಅಷ್ಟ ಐತಿ.'

'ಹೌದವ್ವಾ. ಮಗಳು ಕಪ್ಪು ತಂದಾಳ, ತಾಯಿಗೂ ನಾಲಿಗಿ ಬಂದೈತಿ.'

ಅಂದಿನಿಂದ ಇಬ್ಬರೂ ಮಾತು ಬಿಟ್ಟರು.

ಅವ್ವ ಬಳ್ಳಿಯನ್ನೆಲ್ಲ ಹರವಿದಳು. ಮೊದಲ ಬಸ್ಸು ಹೋಯಿತು, ಹಿಂದೆ ಲಾರಿ ಹೋಯಿತು. ಕಾಯಿ ಚಟಪಟ ಒಡೆದವು, ಅವ್ವನ ಮುಖ ಅರಳಿತು. ಹೊಟ್ಟು ಸರಿಸಿ ನೋಡಿದರೆ ಕಾಳು ಮೇಲಿರಲಿಲ್ಲ. ಸಜ್ಜಿ ರೊಟ್ಟಿಗೆ ಎಳ್ಳು ಒತ್ತಿದ ಹಾಗೆ ಅಷ್ಟೂ ಡಾಂಬರಿನಲ್ಲಿ ಕೂತಿದ್ದವು. ಬಿಸಿಲಿಗೆ ಮಿಂಚುತ್ತಿದ್ದವು ಬೇರೆ. ಮಳೆಯ ಮಾತಾಡಿದ್ದ ಮೋಡ ಅಷ್ಟರಲ್ಲಿ ಚದುರಿಹೋಗಿತ್ತು.

ಕುಡುಗೋಲಿನ ತುದಿಯಿಂದ ಅವ್ವ ಒಂದೊಂದೇ ಕಾಳು ಎಬ್ಬಿಸತೊಡಗಿದಳು. ನಾನೂ ಕೂತೆ. ಚಾಲಕ ನೋಡಲಾರದೆ ಕೆಳಗಿಳಿದು ಬಂದ, ಕೈಯಲ್ಲೊಂದು ಡೀಸಲ್ ಡಬ್ಬಿ.

'ಇದ್ರಾಗೆ ತೊಳೀರಿ ಅಕ್ಕಾರೆ, ಡಾಂಬರು ಬಿಡ್ತತೆ. ನನ್ ಕೈ ನೋಡ್ರಿ ಬೇಕಾದ್ರೆ.'

ದಿನವಿಡೀ ಡಾಂಬರಿನಲ್ಲಿರುವವನ ಕೈ ನಿಜಕ್ಕೂ ಸ್ವಚ್ಛವಾಗಿತ್ತು. ಸಾಕ್ಷಿ ಕಣ್ಣೆದುರೇ ಇತ್ತು. ಕೈ ಮೊಳಕೆ ಒಡೆಯಬೇಕಾಗಿಲ್ಲ, ಹುರುಳಿ ಒಡೆಯಬೇಕು ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ತೊಳೆದ ಹುರುಳಿ ಫಳಫಳ ಹೊಳೆಯಿತು. ಒಂದು ಹಿಡಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಕಾದೆ. ಒಂದೂ ಮೊಳಕೆ ಬರಲಿಲ್ಲ. ಇನ್ನೊಂದು ಹಿಡಿ ಕಟ್ಟಿಟ್ಟೆ, ಅದೂ ಇಲ್ಲ. ಬೀಜಕ್ಕಾಗದಿದ್ದರೆ ಸಾರಿಗಾದರೂ ಆಗಲಿ ಎಂದು ಅವ್ವ ನೀರು ಬದಲಿಸಿ ಬದಲಿಸಿ ಒಂದಿಷ್ಟು ಬೇಯಿಸಿದಳು. ಅಪ್ಪ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದ.

'ಕುಂತಲ್ಲೇ ಬಸ್ಸಿನಾಗ ಹೊಸಪೇಟಿಗೆ ಹೋಗಿ ಬಂದಂಗಾತು.'

ಎಲ್ಲರೂ ನಕ್ಕೆವು, ಅವ್ವ ಎಲ್ಲರಿಗಿಂತ ಜೋರಾಗಿ. ನಕ್ಕು ಮುಗಿಸಿ ಉಳಿದದ್ದನ್ನು ತಿಪ್ಪೆಗೆ ಸುರಿದು, ಬೀಜದ ಗಡಿಗೆ ತೊಳೆದು, ಗೂಡಿನಲ್ಲಿ ಬೋರಲು ಹಾಕಿದಳು. ಅದು ಬೋರಲು ಬಿದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ರಸ್ತೆಯಾಚೆ ಅತ್ತಿ, ಅವ್ವನೊಂದಿಗೆ ಮಾತು ಬಿಟ್ಟಿದ್ದರಿಂದ, ತನ್ನ ಎಮ್ಮೆಗೆ ಕೇಳಿಸುವಂತೆ ಹೇಳುತ್ತಿದ್ದಳು: 'ಕೇಳಿದೇನ? ಎದುರುಮನಿಯಾಗ ಬಸ್ಸಿನ ಸಾರು ಮಾಡ್ಯಾರಂತ.'

ಮುಂದಿನ ಮಳೆಗಾಲದಲ್ಲಿ ಎರೆ ಉಬ್ಬಿತು, ತೇಪೆ ಅಲ್ಲೇ ಬಿರಿಯಿತು. ಅದು ಹೊಸದೇನಲ್ಲ. ಹೊಸದೆಂದರೆ, ಬಿರುಕಿನ ಪಕ್ಕ, ರಸ್ತೆಯ ನಮ್ಮ ಮಗ್ಗುಲಿಗೆ, ಹಸಿರು ಕಂಡಿತು. ಹುರುಳಿ. ಹೂವಾಗಿ ಕಾಯಿ ಕಟ್ಟಿದಾಗ ಸುಲಿದು ನೋಡಿದರೆ ಕಪ್ಪು. ಕಂಡಕ್ಟರುಗಳ ಕಥೆ ಹುಟ್ಟಿದ್ದು ಆ ಹಸಿರಿನಿಂದ. ಅವ್ವನದೂ ಒಂದು ಕಥೆ ಹುಟ್ಟಿತು. ರಜೆಗೆ ಬಂದ ನನ್ನನ್ನು ಚೀಲ ಇಳಿಸುವುದಕ್ಕೂ ಬಿಡದೆ ಅಲ್ಲಿಗೆ ಎಳೆದೊಯ್ದಳು.

'ನೋಡು. ರಸ್ತಿ ತಿಂದಿತ್ತು, ರಸ್ತಿನ ಕೊಟ್ಟೈತಿ.'

ಅವಳ ಸಂತೋಷದ ಬಗ್ಗೆ ನನಗೆ ಆಕ್ಷೇಪಣೆಯಿಲ್ಲ. ಅವಳು ಕುಣಿಯುವುದೊಂದು ಬಾಕಿಯಿತ್ತು, ನಾನೂ ಪಕ್ಕದಲ್ಲೇ ಹಲ್ಲು ಕಿರಿದು ನಿಂತಿದ್ದೆ. ಆದರೆ ರಸ್ತೆ ಕೊಟ್ಟಿತು ಎನ್ನುವ ಮಾತು ನಿಲ್ಲುವುದಿಲ್ಲ. ಡಾಂಬರಿನಿಂದ ಕಿತ್ತು ಡೀಸಲಿನಲ್ಲಿ ತೊಳೆದ ಕಾಳು ಹುಟ್ಟುವುದಿಲ್ಲವೆಂದು ನಾನೇ ನೋಡಿದ್ದೆ, ಡಾಂಬರಿನಲ್ಲೇ ಉಳಿದದ್ದು ಎದ್ದು ಮಗ್ಗುಲಿಗೆ ನಡೆದು ಬರುವುದಿಲ್ಲ. ಒಂದೆರಡು ಒಳ್ಳೆಯ ಕಾಳು ಸಿಡಿದು ಮಗ್ಗುಲಿಗೆ ಬಿದ್ದಿರಬಹುದು, ಒಪ್ಪೋಣ. ಸಿಡಿದ ಕಾಳು ಸಾಲು ಹಿಡಿದು ಬೀಳುತ್ತದೆಯೇ? ಗಿಡಗಳಿದ್ದದ್ದು ಬಿರುಕಿನಲ್ಲೂ ಅಲ್ಲ, ಎರೆಯಲ್ಲೂ ಅಲ್ಲ. ರಸ್ತೆ ಮಗ್ಗುಲಿಗೆಂದು ತಂದು ಸುರಿದ ಕೆಂಪು ಗರಸು ಮಣ್ಣಿನಲ್ಲಿ, ಹುರುಳಿಗೆ ಹಿಡಿಸುವ ನೆಲ ನೋಡಿ ಊರಿದಂತಿದ್ದವು. ಯಾರೋ ಕಳೆ ಕಿತ್ತಿದ್ದರು. ಆಡು ಬಾಯಿ ಹಾಕದಂತೆ ಜಾಲಿ ಮುಳ್ಳು ಅಡ್ಡ ಇಟ್ಟಿದ್ದರು. ರಸ್ತೆ ಬೇಕಾದರೆ ಬೀಜ ಕೊಡಲಿ, ಮುಳ್ಳಿನ ಬೇಲಿಯನ್ನೂ ಹಾಕುತ್ತದೆಯೇ?

ಆಗ ಹಳೆಯ ಮಾತೊಂದು ನೆನಪಾಯಿತು. ನಾನಿನ್ನೂ ಶಾಲೆಯಲ್ಲಿದ್ದಾಗ ಅವ್ವ ಅತ್ತಿಗೆ ಒಂದು ಸೇರು ಕರಿ ಹುರುಳಿ ಬೀಜ ಕೊಟ್ಟಿದ್ದಳು. ಮುಂದಿನ ವರ್ಷ ಬೀಜದ ಸುದ್ದಿ ಕೇಳಿದರೆ ಅತ್ತಿ, 'ಎಲ್ಲಾ ನುಸಿ ತಿಂತವ್ವಾ' ಎಂದಿದ್ದಳು. ಅವಳ ಅಡುಗೆಮನೆಯಿಂದ ಮಾತ್ರ ಆಗಾಗ ಆ ಹುರುಳಿಯ ಸಾರಿನ ವಾಸನೆ ಬರುತ್ತಲೇ ಇತ್ತು. ಈಗ ಅತ್ತಿ ಬೀಜ ಹಿಡಿದು ಅವ್ವನ ಬಾಗಿಲಿಗೆ ಬಂದರೆ ನುಸಿಯ ಮಾತು ಸುಳ್ಳೆಂದು ಒಪ್ಪಿದಂತೆ; ಅದರ ಮೇಲೆ, ತಾನೇ ಮೊದಲು ಮಾತಾಡಿದಂತೆ. ರಸ್ತೆ ಮಗ್ಗುಲಿಗೆ ಗುಟ್ಟಾಗಿ ಊರಿದರೆ ಎರಡೂ ತಪ್ಪುತ್ತದೆ.

ಇದನ್ನೆಲ್ಲ ಅವ್ವನ ಮುಂದೆ ಜೋಡಿಸಿಟ್ಟೆ. ಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

'ನಿನಗ ಕಪ್ಪು ಸಿಕ್ಕೈತಿ, ನನಗ ಬೀಜ ಸಿಕ್ಕೈತಿ. ಸುಮ್ನ ಕುಂದ್ರು.'

ಆ ಹುರುಳಿಯನ್ನು ಅವ್ವ ಅಂಗಳದಲ್ಲಿ ಚಾಪೆ ಹಾಸಿ ಕೋಲಿನಿಂದ ಬಡಿದಳು. ಅಂತೂ ನನ್ನ ವಾದ ಗೆದ್ದಿತು ಎಂದೆ. ಕೋಲು ನನ್ನ ಕೈಗೆ ಬಂತು. ಬೀಜಕ್ಕೆ ಬೂದಿ ಬೆರೆಯಿತು, ಗಡಿಗೆ ಮತ್ತೆ ನೆಟ್ಟಗೆ ಕೂತಿತು. ಮಿಕ್ಕ ಎರಡು ಹಿಡಿಯಲ್ಲಿ ಸಾರು ಮಾಡಿ ಒಂದು ಬಟ್ಟಲು ತುಂಬಿಸಿ, 'ಎಮ್ಮಿಗೆ ಹೇಳೋರ ಮನಿಗೆ ಕೊಟ್ಟು ಬಾ' ಎಂದಳು.

ಹೊರಗೆ ಮತ್ತೆ ತೇಪೆಯವರು ಬಂದಿದ್ದರು. ಅದೇ ರೋಲರು, ಅದೇ ಚಾಲಕ. ನನ್ನ ಕೈಯ ಬಟ್ಟಲು ನೋಡಿ, 'ಡೀಸಲ್ ಬೇಕೇನ್ರಿ?' ಎಂದ. ಬಿಸಿ ಡಾಂಬರನ್ನು ಸುತ್ತುಹಾಕಿ ರಸ್ತೆ ದಾಟಿದೆ. ಅತ್ತಿ ಕಟ್ಟೆಯ ಮೇಲಿದ್ದಳು. ಬಟ್ಟಲು ಇಸಿದುಕೊಂಡು ಮೂಗಿಗೆ ಹಿಡಿದಳು.

'ಈ ಸಲ ಬಸ್ಸಿನ ವಾಸ್ನಿ ಇಲ್ಲ, ನೋಡು,' ಎಂದು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. 'ಯಾಕಲೇ ಲಾಯರವ್ವಾ, ಹಂಗ್ಯಾಕ ನೋಡ್ತಿ?'

'ಅತ್ತಿ, ರಸ್ತಿ ಮ್ಯಾಲ ಉದುರಿದ ಕಾಳು ಗೇಣು ಗೇಣಿಗೆ ಸಾಲು ಹಿಡದು ಹುಟ್ಟತಾವೇನು?'