ಅವ್ವನಿಗೆ ಮೂವತ್ತರಲ್ಲಿ ಒಂಬತ್ತು

ಓದುವ ಎಲ್ಲರಿಗೂ ಶರಣು. ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತವನು ನಾನು, ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವ್ವ ಒಲೆ ಮೇಲೆ ಹಾಲಿಟ್ಟು ಎರಡು ಸಲ ಮರೆತಳು. ಅಣ್ಣ ನನಗೆ ಹೇಳಿದ: “ಗದಗಕ್ಕ ತೋರಿಸ್ಕೊಂಡು ಬಾ. ಮರೆವಿನ ಜಡ್ಡು ಅಂದ್ರ ಇನ್ನ ಒಲಿ ಹಚ್ಚಾಕ ಬಿಡೂದಿಲ್ಲ.”

ಗದಗಿನ ದವಾಖಾನೆಯಲ್ಲಿ ಇಸ್ತ್ರಿ ಅಂಗಿಯವನೊಬ್ಬ ಕಾಗದ ಹಿಡಿದು ಕುಳಿತಿದ್ದ. ಅವ್ವನ ಮುಖವನ್ನು ಒಮ್ಮೆಯೂ ನೋಡಲಿಲ್ಲ.

“ತಾರೀಖು ಎಷ್ಟು?”

“ನಿನ್ನಿ ಅಮಾಸಿ ಆತಲ್ಲೋ ತಮ್ಮಾ, ಇವತ್ತ ಪಾಡ್ಯ.”

ಸೊನ್ನೆ.

“ಗಂಡನ ಹೆಸರು?”

ಅವ್ವ ಬಾಯಿಗೆ ಸೆರಗು ಹಿಡಿದು ನನ್ನ ಕಡೆ ನೋಡಿದಳು. ನಮ್ಮಲ್ಲಿ ಆ ವಯಸ್ಸಿನವರು ಗಂಡನ ಹೆಸರು ಹೇಳುವುದಿಲ್ಲ. ನಾನು ಬಾಯಿ ತೆರೆದರೆ, “ನೀವು ಸುಮ್ಮನಿರ್ರಿ” ಎಂದ. ಮತ್ತೊಂದು ಸೊನ್ನೆ. ಗಡಿಯಾರ ಬಿಡಿಸು, ಒಂದು ವಾಕ್ಯ ಬರೆ! ಶಾಲೆಯ ಕಟ್ಟೆ ಹತ್ತದವಳು ಪೆನ್ಸಿಲನ್ನು ಸೌಟಿನಂತೆ ಹಿಡಿದು ರೊಟ್ಟಿಯಷ್ಟು ದುಂಡಗೆ ಒಂದು ಗೆರೆ ಎಳೆದಳು. ಮೂವತ್ತರಲ್ಲಿ ಒಂಬತ್ತು ಬಂತು. ಅಂಥ ಕಾಗದದಿಂದ ಬುದ್ಧಿ ಅಳೆಯುವವನ ಬುದ್ಧಿಯನ್ನು ಯಾರು ಅಳೆಯಬೇಕು?

ಅಣ್ಣ ಅವತ್ತೇ ಕಡ್ಡಿಪೆಟ್ಟಿಗೆ ಎತ್ತಿಟ್ಟ. ಅವ್ವ ಅಡುಗೆಮನೆ ಬಾಗಿಲಲ್ಲಿ ಬರಿಗೈಯಲ್ಲಿ ಕುಳಿತಳು. ಅದನ್ನು ನೋಡಲಾರದೆ ನಾನು ಅವಳನ್ನು ಮುಂಡರಗಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಓದು ಬಾರದವರಿಗೆಂದೇ ಇರುವ ಬೇರೆ ಪರೀಕ್ಷೆ ಮಾಡಿದರು. ಅದರಲ್ಲಿ ಕಾಗದವೂ ಇಲ್ಲ, ಪೆನ್ಸಿಲೂ ಇಲ್ಲ.

“ಸಂತ್ಯಾಗ ಏನೇನ್ ಕಾಯಿಪಲ್ಯ ಸಿಗತಾವ, ಹೇಳಬೇ ಯವ್ವಾ.”

ಅವ್ವ ಶುರು ಮಾಡಿದಳು. ಡಾಕ್ಟರಮ್ಮ ಕೈ ಎತ್ತುವ ತನಕ ನಿಲ್ಲಿಸಲಿಲ್ಲ. ನಾನು ಹಿಗ್ಗಿದೆ.

ಆಮೇಲೆ ಅವರು, “ಕೊಡ, ಎತ್ತು, ಬೆಲ್ಲ. ಈ ಮೂರು ನೆನಪಿಟ್ಕೋ” ಎಂದರು. ಸ್ವಲ್ಪ ಹೊತ್ತು ಬೇರೆ ಮಾತಾಡಿ, ಆ ಮೂರು ಯಾವುವೆಂದು ಕೇಳಿದರು.

“ಯಾವ ಮೂರು? ನೀ ಎಲ್ಲಿ ಹೇಳೀಬೇ ನನಗ?”

ಡಾಕ್ಟರಮ್ಮ ನನ್ನತ್ತ ತಿರುಗಿದರು. “ಮನ್ಯಾಗ ಹೇಳಿದ್ದನ್ನ ಮತ್ತ ಮತ್ತ ಹೇಳ್ತಾರೇನ್ರಿ?”

ಮಾಗಡಿ ಕೆರೆಗೆ ಹಕ್ಕಿ ಬಂದ ಸುದ್ದಿಯನ್ನು ಅವ್ವ ಆ ಮುಂಜಾನೆ ಬಸ್ಸಿನಲ್ಲೇ ನಾಲ್ಕು ಸಲ ಹೇಳಿದ್ದಳು. ಆ ಇಸ್ತ್ರಿ ಅಂಗಿಯವನನ್ನು ಬೈಯುವ ಭರದಲ್ಲಿ ನಾನು ಹೂಂ ಅಂದಿದ್ದೆ, ಕೇಳಿಸಿಕೊಂಡಿರಲಿಲ್ಲ.

“ಮರೆವು ಸುರುವಾಗೇತ್ರಿ. ಆದ್ರ ಕೈಕೆಲಸ ಬಿಡಸಬ್ಯಾಡ್ರಿ. ಒಲಿ ಹಚ್ಚುವಾಗ ಒಬ್ಬರು ಬಾಜೂಕ ಇರ್ರಿ.”

ಗದಗಿನ ಕಾಗದವೂ ಜಡ್ಡು ಅಂದಿತ್ತಲ್ಲ ಎನ್ನಬೇಡಿ. ಅದು ಅಳೆದದ್ದು ಅವ್ವ ಓದದ ಶಾಲೆಯನ್ನು. ಅದಕ್ಕೆ ನನ್ನ ಹತ್ತಿರ ಇಂದಿಗೂ ಮೂರು ಕಾಸಿನ ಮರ್ಯಾದೆ ಇಲ್ಲ. ಕಿವಿ ಇದ್ದೂ ಕೇಳದ ನನಗೂ ಅಷ್ಟೇ.

ಈಗ ಕಡ್ಡಿ ಗೀರುವುದು ಅಣ್ಣ, ರೊಟ್ಟಿ ಬಡಿಯುವುದು ಅವ್ವ. “ಜಲ್ದಿ ಹಚ್ಚಲೇ,” ಎಂದು ಗದರುತ್ತಾಳೆ, “ದೇವರ ಮುಂದ ನಿಂತಂಗ ನಿಂತೀಯಲ್ಲ!”

ನಿಮ್ಮ ಮನೆಯ ಹಿರಿಯರನ್ನು ಎಂಥ ಪ್ರಶ್ನೆ ಕೇಳಿ ಅಳೆದರು? ನೀವೂ ಬರೆದು ತಿಳಿಸಿ.