ಒಲೆಗಲ್ಲು ಎತ್ತುವ ಮಾಸುಮಬಿ

ಸೋಮವಾರ ಹೊತ್ತು ಮೂಡುವ ಮುಂಚೆಯೇ ಮಾಸುಮಬಿಯ ಬೈಗುಳ ಶುರುವಾಗುತ್ತದೆ. ಹುಣಸೆ ಮರದ ಬುಡದಲ್ಲಿ ಮೂರು ಕಲ್ಲು, ನಡುವೆ ಬುಟ್ಟಿಗಟ್ಟಲೆ ಬೂದಿ. "ಇವ್ರ ಬಾಯಾಗ ಮಣ್ಣ ಬೀಳ್ಲಿ! ನಿನ್ನಿ ಮುಂಜಾನಿ ಎತ್ತಿ ಒಗದಿದ್ದೆ, ಮತ್ತ ತಂದ ಇಟ್ಟಾರ ನೋಡ್ರಿ" ಎನ್ನುತ್ತ ಒಂದೊಂದೇ ಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು ಗೋಡೆಯಾಚೆ ಎಸೆದು ಬರುತ್ತಾರೆ. ಆಮೇಲೆ ಕಾಂಡದ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಇನ್ನೂ ಬೆಚ್ಚಗಿದೆ. ಬಾವಿಯಿಂದ ಒಂದು ಕೊಡ ನೀರು ತಂದು ಬುಡಕ್ಕೆ ಸುರಿಯುತ್ತಾರೆ.

ವಿಜಾಪುರದ ಅಂಚಿನಲ್ಲಿ ಬಾದಶಹರ ಕಾಲದ ಪೇಟೆಯಿದು. ಪೇಟೆ ಎಂದೋ ಹಾಳಾಗಿ ಒಂದು ಮುರುಕು ಗುಮ್ಮಟ, ಒಂದು ಮೋಟು ಗೋಡೆ, ಒಂದು ಬಾವಿ ಮತ್ತು ಈ ಮರಗಳು ಉಳಿದಿವೆ. ಹುಣಸೆ, ಬೇವು, ಆಲ. ಬಿಸಿಲಲ್ಲಿ ಬೇಯುವ ನಮ್ಮ ಮಂದಿ ಇಷ್ಟು ನೆರಳು ಕಂಡರೆ ಬಿಟ್ಟಾರೆಯೇ? ರವಿವಾರ ಬಂತೆಂದರೆ ಪಟ್ಟಣದಿಂದ ಟಾಂಗಾ, ಸೈಕಲ್ಲು. ಸಾರವಾಡದಿಂದ ಟ್ರ್ಯಾಕ್ಟರ್ ತುಂಬ ಹೆಂಗಸರು ಮಕ್ಕಳು. ಹೊನವಾಡದ ಬಸ್ಸಿಳಿದು ಅಡಿಗೆಯ ಭಾಂಡೆ ಹೊತ್ತು ಬರುವವರು. ಒಬ್ಬೊಬ್ಬರ ಹೆಗಲಿಗೂ ಒಂದು ಟ್ರಾನ್ಸಿಸ್ಟರ್. ಬಯಲಲ್ಲಿ ಒಲೆ ಹೂಡಿದರೆ ಗಾಳಿ ಬೆಂಕಿಯನ್ನು ನಿಲ್ಲಗೊಡುವುದಿಲ್ಲ. ಹಾಗಾಗಿ ಎಲ್ಲರಿಗೂ ಮರದ ಮಗ್ಗುಲೇ ಬೇಕು. ಗಾಳಿಗೆ ಅಡ್ಡ ನಿಂತ ಕಾಂಡ ಒಂದು ಕಡೆಯಿಂದ ಸುಟ್ಟು ಕರಿಯಾಗಿ ತೊಗಟೆ ಉದುರಿಸುತ್ತದೆ. ಹೋದ ಬೇಸಿಗೆಯಲ್ಲಿ ಎರಡು ಮರ ಒಣಗಿ ನಿಂತವು. ಈ ಹುಣಸೆಯದೂ ಅರ್ಧ ಮೈ ಸತ್ತಿದೆ.

ಮಾಸುಮಬಿಯ ಗಂಡ ಲಾಡಲೇಸಾಬ ಇಲ್ಲಿ ಕಾವಲಿಗಿದ್ದವರು. ಅವರು ತೀರಿಕೊಂಡ ಮೇಲೆ ಕಸ ಹೊಡೆಯುವುದು, ನೀರು ಹಾಕುವುದು, ಮಂದಿಯ ಬಾಯಿಗೆ ಬೀಳುವುದು ಎಲ್ಲ ಇವರ ಪಾಲಿಗೆ ಬಂತು. ಎಪ್ಪತ್ತೆರಡರ ಬರದಲ್ಲಿ ಬಾವಿಯ ತಳಕ್ಕಿಳಿದು ಕೆಸರು ನೀರು ಮೊಗೆದು ಹಾಕಿದ್ದಾರೆ.

"ಮಕ್ಕಳ ಜಳಕದ ನೀರೂ ಗಿಡಕ್ಕ ಹಾಕೇನಿ ಯಪ್ಪಾ. ಬರಗಾಲದಾಗ ಉಳದ ಗಿಡ ಈಗ ಮಂದಿ ಊಟದಾಗ ಸಾಯಾಕತ್ಯಾವ. ಯಾರ ಮುಂದ ಹೇಳ್ಲಿ?"

ಹೇಳದೆ ಬಿಟ್ಟಿಲ್ಲ. ಕೈಮುಗಿದಿದ್ದಾರೆ, ಜಗಳ ತೆಗೆದಿದ್ದಾರೆ. ಕೊನೆಗೆ ಗೋಡೆಯ ಮರೆಯಲ್ಲಿ ತಾವೇ ಕಲ್ಲು ಹೊಂದಿಸಿ ಚೆಂದದ ಒಲೆ ಹೂಡಿಕೊಟ್ಟರು. "ಬಿಸಲಾಗ ಕುಂತ ಅಡಿಗಿ ಮಾಡ್ಬೇಕೇನು?" ಎಂದು ಬಂದವರು ಆ ಕಲ್ಲುಗಳನ್ನೇ ಎತ್ತಿಕೊಂಡು ಮರದ ಬುಡಕ್ಕೆ ಹೋದರು. ಕೇಳಿ ನನಗೇ ಮೈ ಉರಿಯಿತು.

ಆಗ ಪಕ್ಕದ ಹೊಲದ ಶಿವಯೋಗೆಪ್ಪ ಒಂದು ಉಪಾಯ ಹೇಳಿದ. ಕಾಂಡಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದುಬಿಡಿ, ದೇವರ ಮರವೆಂದು ಯಾರೂ ಬೆಂಕಿ ಹಚ್ಚುವುದಿಲ್ಲ ಎಂದ. ಇಬ್ಬರೂ ಸೇರಿ ಬಳಿದರು. ಮುಂದಿನ ರವಿವಾರ ಒಂದೂ ಒಲೆಯಿಲ್ಲ! ಮಾಸುಮಬಿ ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದರು. ಅದರ ಮುಂದಿನ ವಾರ ಬುಡದಲ್ಲಿ ಎಣ್ಣೆ ದೀಪ, ಆಚೆ ಮಗ್ಗುಲಿಗೆ ಲೋಬಾನದ ಹೊಗೆ, ಕೊಂಬೆಗೆ ಮೊಳೆ ಹೊಡೆದು ತೂಗಿಬಿಟ್ಟ ಹರಕೆಯ ತೊಟ್ಟಿಲು. ಮೂರನೆಯ ವಾರ ಹರಕೆಯ ಹುಗ್ಗಿ ಬೇಯಿಸಲು ಅದೇ ಬುಡದಲ್ಲಿ ಮತ್ತೆ ಮೂರು ಕಲ್ಲು ಬಂದು ಕೂತವು.

"ಪಟ್ಟಿ ಕೆರದ ತಗ್ಯಾಕ ಹೋದ್ರ ನಿಮ್ಮವ್ರೂ ಬೈದ್ರು, ನಮ್ಮವ್ರೂ ಬೈದ್ರು. ಆವತ್ತ ಅಷ್ಟ ನೋಡ್ರಿ, ಎಲ್ಲಾರೂ ಒಂದಾಗಿದ್ರು" ಎಂದು ಮಾಸುಮಬಿ ಹಣೆ ಚಚ್ಚಿಕೊಳ್ಳುತ್ತಾರೆ. ಉಪಾಯ ಹೇಳಿದ ಶಿವಯೋಗೆಪ್ಪ ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಈ ಮರಗಳು ಕೆಟ್ಟರೂ ನಮಗೆ ಬುದ್ಧಿ ಬರುವ ಲಕ್ಷಣವಿಲ್ಲ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಇದನ್ನೆಲ್ಲ ನಮ್ಮ ಪತ್ರಿಕೆಯ ಪುರವಣಿಯಲ್ಲಿ ಬರೆಯುತ್ತೇನೆ ಮಾಸುಮಬಿ, ಓದಿದ ನಾಲ್ಕು ಜನರಿಗಾದರೂ ನಾಚಿಕೆಯಾಗಲಿ ಎಂದೆ.

ಅವರು ಬಗಲಲ್ಲಿದ್ದ ಕೊಡವನ್ನು ಕೆಳಗಿಟ್ಟರು. ಮೊದಲ ಸಲ ಅವರ ಮುಖದಲ್ಲಿ ಸಿಟ್ಟಿನ ಬದಲು ಗಾಬರಿ ಕಂಡಿತು.

"ಬರೀರಿ ಸಾಹೇಬ್ರ, ಬ್ಯಾಡನ್ನಂಗಿಲ್ಲ. ನನ್ನ ಹೆಸರ ಹಾಕ್ರಿ, ಬೇಕಾದ್ರ ನನ್ನ ಫೋಟೋನೂ ಹಾಕ್ರಿ. ಈ ಜಾಗಾದ ಹೆಸರ ಮಾತ್ರ ಬರೀಬ್ಯಾಡ್ರಿ. ನನ್ನ ನೋಡಾಕಂತ ಯಾರೂ ಭಾಂಡೆ ಹೊತಗೊಂಡ ಬರಂಗಿಲ್ಲ."